ನಾಯಿ ಬೆಕ್ಕಿಗೆ ಕೊಟ್ಟ ಡೋಸ್ ಎಲ್ಲಿ ತಪ್ತು ಅಂತ ಹುಡುಕೋದು ಹೇಗೆ

ತೂಕ ನೋಡಿ ಲೆಕ್ಕ ಹಾಕಿನೇ ಕೊಟ್ಟಿದೀವಿ, ಆದ್ರೂ ಹುಳ ಹೋಗಿಲ್ಲ, ಕಜ್ಜಿ ಹಾಗೇ ಇದೆ. ಇಲ್ಲಾಂದ್ರೆ ಪೂರ್ತಿ ಉಲ್ಟಾ, ಕೊಟ್ಟು ಸ್ವಲ್ಪ ಹೊತ್ತಿಗೆ ನಾಯಿ ಜೊಲ್ಲು ಸುರಿಸ್ಕೊಂಡು ತೂರಾಡ್ತಿದೆ. ಹಾಸನ ಸುತ್ತಮುತ್ತ, ಆಲೂರು, ಸಕಲೇಶಪುರ, ಬೇಲೂರು ಕಡೆಯಿಂದ ಬರೋರು ಕೌಂಟರ್ ಹತ್ರ ನಿಂತು ಕೇಳೋದು ಹೆಚ್ಚು ಕಮ್ಮಿ ಇವೆರಡೇ. ನಾನು ಡಾಕ್ಟ್ರಲ್ಲ, ಪ್ರಾಣಿಗಳ ಔಷಧಿ ಮಾರೋ ಕೌಂಟರ್ ಹಿಂದೆ ಕೂರೋನು, ಅದಕ್ಕೇ ಇಲ್ಲಿ ಬರ್ದಿರೋ ನಂಬರುಗಳನ್ನ ಡಾಕ್ಟ್ರು ಬರ್ಕೊಟ್ಟ ಚೀಟಿನ ತಾಳೆ ನೋಡೋಕೆ ಬಳಸಿ, ಇದನ್ನೇ ಚೀಟಿ ಮಾಡ್ಕೊಂಡು ನೀವೇ ಟ್ರೀಟ್‌ಮೆಂಟ್ ಶುರು ಮಾಡ್ಬೇಡಿ.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಡೋಸ್ ತಪ್ಪಿದೆ ಅಂತ ಡೌಟ್ ಬಂದ ತಕ್ಷಣ ಎಲ್ರೂ ಮಾಡೋದು ಮೊಬೈಲ್ ತೆಗ್ದು ಗುಣಾಕಾರ ಮತ್ತೆ ಮಾಡೋದು, ಅದು ನೋಡಿದ್ರೆ ಸರಿನೇ ಇರುತ್ತೆ, ಆಗ ತಲೆ ಕೆಟ್ಟುಹೋಗುತ್ತೆ. ಗುಣಾಕಾರ ತಪ್ಪೋದು ಅಪರೂಪ ಕಣ್ರೀ. ತಪ್ಪೋದು ಗುಣಾಕಾರಕ್ಕೆ ಹಾಕಿದ ನಂಬರು. ತೂಕ ತಪ್ಪಿರುತ್ತೆ, ಬಾಟ್ಲಿ ಸ್ಟ್ರೆಂತ್ ತಪ್ಪಿರುತ್ತೆ, ಸಿರಿಂಜ್ ಗೆರೆ ತಪ್ಪಾಗಿ ಓದಿರ್ತೀವಿ, ಅಥವಾ ದಿನಕ್ಕೆ ಒಂದ್ಸಲನಾ ಎರಡ್ಸಲನಾ ಅನ್ನೋದು ತಪ್ಪಿರುತ್ತೆ.

ಲೆಕ್ಕಕ್ಕಿಂತ ಮುಂಚೆ ಪ್ರಾಣಿ ನೋಡಿ

ಫಿಟ್ಸ್ ಬರ್ತಿದ್ರೆ, ಎದ್ದು ನಿಲ್ಲೋಕೆ ಆಗ್ತಿಲ್ಲಾಂದ್ರೆ, ಕಣ್ಣಿನ ಪಾಪೆ ಅಗಲ ಆಗಿ ಬೆಳಕು ಬಿಟ್ರೂ ಚಿಕ್ಕದಾಗ್ತಿಲ್ಲಾಂದ್ರೆ, ಬೆಕ್ಕಿನ ಒಸಡು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ರೆ, ಮುಖ ಊದಿದ್ರೆ, ಈ ಕೈಪಿಡಿ ಪಕ್ಕಕ್ಕಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ. ಡಾಕ್ಟ್ರು ಸಿಗ್ಲಿಲ್ಲಾಂದ್ರೆ ಪಶುಪಾಲನಾ ಇಲಾಖೆ ಗಾಡಿಗೆ 1962 ಇದೆ. ಹಾಸನದ ಹತ್ರ ಇರೋರಿಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋಗುವಾಗ ಬಾಟ್ಲಿ, ಸ್ಟ್ರಿಪ್, ಸಿರಿಂಜ್ ಮೂರನ್ನೂ ತಗೊಂಡೇ ಹೋಗಿ, "ಬಿಳಿ ಬಣ್ಣದ ಔಷಧಿ ಸಾರ್" ಅಂದ್ರೆ ಅವರಿಗೇನೂ ಗೊತ್ತಾಗಲ್ಲ. ವಾಂತಿ ಮಾಡ್ಸೋಕೆ ಅಂತ ಉಪ್ಪು ನೀರು ಹೊಯ್ಯೋದು, ಎಣ್ಣೆ ಕುಡಿಸೋದು ಬೇಡವೇ ಬೇಡ. ತೂರಾಡ್ತಿರೋ ನಾಯಿಗೆ ಬಾಯಲ್ಲಿ ಏನ್ ಹಾಕಿದ್ರೂ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ, ಉಪ್ಪು ಜಾಸ್ತಿ ಆದ್ರೆ ಅದೇ ಇನ್ನೊಂದು ವಿಷ.

ಉಲ್ಟಾ ಲೆಕ್ಕ

ಪ್ರಾಣಿ ಆರಾಮಾಗಿದೆ, ಬರೀ ಡೌಟು ಅಷ್ಟೇ ಅಂದ್ರೆ, ಮುಂದಿನಿಂದ ಲೆಕ್ಕ ಮಾಡ್ಬೇಡಿ, ಹಿಂದಿನಿಂದ ಬನ್ನಿ. ಚೀಟೀಲಿ ಏನಿತ್ತು, ಡಾಕ್ಟ್ರು ಏನ್ ಹೇಳಿದ್ರು ಅನ್ನೋದನ್ನೆಲ್ಲ ಆಮೇಲೆ ನೋಡೋಣ, ಮೊದ್ಲು ಬಾಯೊಳಗೆ ಅಥವಾ ಚರ್ಮದ ಕೆಳಗೆ ನಿಜವಾಗ್ಲೂ ಎಷ್ಟು ಎಂಎಲ್ ಹೋಯ್ತು ಅಂತ ಬರ್ಕೊಳಿ. ಅದನ್ನ ಬಾಟ್ಲಿ ಮೇಲೆ ಬರ್ದಿರೋ ಒಂದು ಎಂಎಲ್‌ಗೆ ಎಷ್ಟು ಎಂಜಿ ಅನ್ನೋದ್ರಿಂದ ಗುಣಿಸಿ, ಬಂದಿದ್ದನ್ನ ಪ್ರಾಣಿ ತೂಕದಿಂದ ಭಾಗಿಸಿ. ಬರೋ ಉತ್ತರ ಕೆಜಿಗೆ ಎಷ್ಟು ಎಂಜಿ ಹೋಗಿದೆ ಅನ್ನೋದು. ಇದನ್ನ ಚೀಟಿ ಪಕ್ಕ ಇಟ್ಟು ನೋಡಿ. ಎಷ್ಟು ಪಟ್ಟು ವ್ಯತ್ಯಾಸ ಇದೆ ಅನ್ನೋದೇ ತಪ್ಪು ಎಲ್ಲಿದೆ ಅಂತ ಹೇಳ್ಬಿಡುತ್ತೆ.

ಹೇಗೆ ಅಂದ್ರೆ, 12 ಕೆಜಿ ನಾಯಿ, ಕಾಲು ಕುಂಟ್ತಿದೆ, ಡಾಕ್ಟ್ರು ಮೆಲಾಕ್ಸಿಕ್ಯಾಮ್ ಅನ್ನೋ ನೋವಿನ ಔಷಧಿ ಬರ್ದಿದಾರೆ ಅಂತ ಇಟ್ಕೊಳಿ. ನಾಯಿಗೆ ಮೊದಲ ದಿನ ಕೆಜಿಗೆ 0.2 ಎಂಜಿ, ಮಾರನೇ ದಿನದಿಂದ 0.1. ಅಂದ್ರೆ ಮೊದಲ ದಿನ 2.4 ಎಂಜಿ. ನಾಯಿಗಳ ಸಿರಪ್ಪು ಒಂದು ಎಂಎಲ್‌ಗೆ 1.5 ಎಂಜಿ ಇರುತ್ತೆ, ಸೋ 1.6 ಎಂಎಲ್. ಲೆಕ್ಕ ಪಕ್ಕಾ. ಆದ್ರೆ ಮನೇಲಿ ಹಸುಗೆ ತಂದಿದ್ದ ಇಂಜೆಕ್ಷನ್ ಬಾಟ್ಲಿ ಮಿಕ್ಕಿರುತ್ತೆ, ಅದೇ ಹೆಸರು, ಅದೇ ಮೆಲಾಕ್ಸಿಕ್ಯಾಮ್, ಸುಮ್ನೆ ಯಾಕೆ ಹೊಸದು ತರೋದು ಅಂತ ಅದ್ರಲ್ಲೇ 1.6 ಎಂಎಲ್ ಎಳ್ದು ಬಾಯಿಗೆ ಬಿಡ್ತಾರೆ. ಆ ಬಾಟ್ಲಿ ಒಂದು ಎಂಎಲ್‌ಗೆ 5 ಎಂಜಿ. ಉಲ್ಟಾ ಲೆಕ್ಕ ಮಾಡಿ: 1.6 ಇಂಟು 5 ಅಂದ್ರೆ 8 ಎಂಜಿ, 12ರಿಂದ ಭಾಗಿಸಿದ್ರೆ ಕೆಜಿಗೆ 0.67. ಮೂರು ಪಟ್ಟಿಗಿಂತ ಜಾಸ್ತಿ. ಇನ್ನೂ ಕೆಟ್ಟದ್ದು ಏನಂದ್ರೆ ಹಸುದ್ರಲ್ಲೇ ಎರಡು ಸ್ಟ್ರೆಂತ್ ಇದೆ, 5 ಮತ್ತೆ 20. 20ರ ಬಾಟ್ಲಿ ಆಗಿದ್ರೆ 32 ಎಂಜಿ ಹೋಗಿರುತ್ತೆ, ಹದಿಮೂರು ಪಟ್ಟು. ಹೊಟ್ಟೇಲಿ ಹುಣ್ಣು, ಕಪ್ಪು ಬೇಧಿ, ಕಿಡ್ನಿ ಹೊಡೆತ ಎಲ್ಲಾ ಇಲ್ಲಿಂದಾನೇ ಶುರು. ಬೆಕ್ಕುಗಳಲ್ಲಂತೂ ಈ ಔಷಧಿ ಮತ್ತೆ ಮತ್ತೆ ಕೊಟ್ಟಾಗ ಕಿಡ್ನಿ ಫೇಲ್ ಆಗಿರೋದಕ್ಕೆ ಅಮೆರಿಕಾದಲ್ಲಿ ಲೇಬಲ್ ಮೇಲೇನೇ ಎಚ್ಚರಿಕೆ ಹಾಕ್ಸಿದಾರೆ.

ನೋವಿನ ಔಷಧಿ ಮಾತು ಬಂತು ಅಂತ ಇನ್ನೊಂದು. ಹಳೇ ಡೈಕ್ಲೋಫೆನಾಕ್ ಬಾಟ್ಲಿ ಕೊಟ್ಟಿಗೆ ಸಂದೀಲಿ ಇನ್ನೂ ಇದ್ರೆ ಬಿಸಾಕಿ. ರಣಹದ್ದುಗಳು ಸತ್ತಿದ್ದಕ್ಕೆ 2006ರಲ್ಲೇ ಅದನ್ನ ಜಾನುವಾರುಗೆ ಬ್ಯಾನ್ ಮಾಡಿದಾರೆ. ನಾಯಿಗಂತೂ ಅದು ಹೊಟ್ಟೆ ತೂತು ಮಾಡೋ ಔಷಧಿ.

ತೂಕ ನಿಜವಾದ ತೂಕನಾ?

"ಎಷ್ಟು ಕೆಜಿ ಇದೆ?" ಅಂದ್ರೆ ನೂರಕ್ಕೆ ತೊಂಬತ್ತು ಜನ ಕೈ ಅಗಲಿಸಿ ತೋರಿಸ್ತಾರೆ. ಇಷ್ಟುದ್ದ ಇದೆ ಅಂತ. ಮುಧೋಳದ ಉದ್ದನೇ ಬಡಕಲು ನಾಯಿಗೂ ಮನೇಲಿ ಕೂತು ಕೂತು ದಪ್ಪ ಆಗಿರೋ ಲ್ಯಾಬ್ರಡಾರ್‌ಗೂ ಉದ್ದ ಒಂದೇ ಇರ್ಬೋದು, ತೂಕ ಹೇಗ್ರೀ ಒಂದೇ ಆಗುತ್ತೆ. ಇನ್ನು ಕೆಲವರು ವ್ಯಾಕ್ಸಿನ್ ಬುಕ್ ತೆಗ್ದು ಅದ್ರಲ್ಲಿರೋ ತೂಕ ಹೇಳ್ತಾರೆ. ಅದು ಹೋದ ದೀಪಾವಳೀಲಿ ಮರಿ ಇದ್ದಾಗ ಬರ್ದಿದ್ದು. ದೊಡ್ಡ ತಳಿ ಮರಿಗಳು ತಿಂಗಳೊಳಗೆ ಡಬಲ್ ಆಗ್ಬಿಡ್ತವೆ.

ತೂಕ ಹಾಕೋದು ನಮ್ ಕಡೆ ಕಷ್ಟ ಅಲ್ವೇ ಅಲ್ಲ. ಕಾಫಿ ತೋಟದಲ್ಲಿ ಕುಯ್ಲು ಟೈಮಲ್ಲಿ ಸಾಯಂಕಾಲ ರೈಟ್ರು ಹಣ್ಣು ತೂಗೋ ಕಾಟಾ ಇರುತ್ತೆ. ತೂಗು ಹಾಕೋ ಸ್ಪ್ರಿಂಗ್ ಕಾಟಾ ಆದ್ರೆ ಬೆಕ್ಕನ್ನೋ ಸಣ್ಣ ಮರೀನೋ ಗಟ್ಟಿ ಚೀಲದಲ್ಲಿ ತಲೆ ಹೊರಗಿಟ್ಟು ತೂಗಿ, ಆಮೇಲೆ ಖಾಲಿ ಚೀಲ ತೂಗಿ ಕಳೀರಿ. ಪ್ಲಾಟ್‌ಫಾರ್ಮ್ ಕಾಟಾ ಆದ್ರೆ ನಾಯಿನ ಅದ್ರ ಮೇಲೆ ಕೂರಿಸಿ. ಕೂರಲ್ಲಾಂದ್ರೆ ಎತ್ಕೊಂಡು ನಿಂತ್ಕೊಳಿ, ನಿಮ್ ತೂಕ ಕಳೀರಿ. ಇಬ್ರೂ ಸೇರಿ 81.5, ನೀವೊಬ್ರೇ 67, ನಾಯಿ 14.5, ಮುಗೀತು. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ: ಇಂಥ ಕಾಟಾ ಅರ್ಧ ಕೆಜಿ ಆಚೀಚೆ ತೋರಿಸಿದ್ರೆ 30 ಕೆಜಿ ನಾಯಿಗೆ ಏನೂ ಆಗಲ್ಲ, 2 ಕೆಜಿ ಮರಿಗೆ ಅದು ಕಾಲು ಭಾಗ ತಪ್ಪು. ಮರಿಗಳನ್ನ ದಿನಸಿ ಅಂಗಡಿ ಎಲೆಕ್ಟ್ರಾನಿಕ್ ತಕ್ಕಡೀಲಿ ಒಂದು ಡಬ್ಬದಲ್ಲಿಟ್ಟು ತೂಗ್ಸಿ, ಶೆಟ್ರು ಬೈದ್ರೆ ಬೈಲಿ.

ಇಂಟರ್‌ನೆಟ್ ಚಾರ್ಟ್ ನೋಡಿ ಡೋಸ್ ಹಾಕಿದ್ರೆ ಅದು ಪೌಂಡಲ್ಲಿದ್ಯಾ ಕೆಜೀಲಿದ್ಯಾ ನೋಡಿ. ಉಲ್ಟಾ ಲೆಕ್ಕದಲ್ಲಿ ವ್ಯತ್ಯಾಸ 2.2 ಪಟ್ಟು ಅಂತ ಬಂದ್ರೆ ಬೇರೆ ಎಲ್ಲೂ ಹುಡುಕ್ಬೇಡಿ, ಇದೇ ಕೇಸು. 22 ಪೌಂಡ್ ಅಂದ್ರೆ 10 ಕೆಜಿ.

ಹಸು ಎತ್ತಿಗೆ ಕಾಟಾ ಎಲ್ಲಿಂದ ತರೋದು ಅಂದ್ರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಲ್ಲಿ ತಗೊಳಿ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೂ ಉದ್ದ ತಗೊಳಿ, ಸುತ್ತಳತೆ ಇಂಟು ಸುತ್ತಳತೆ ಇಂಟು ಉದ್ದ, ಅದನ್ನ 660ರಿಂದ ಭಾಗಿಸಿದ್ರೆ ಸುಮಾರಾಗಿ ಕೆಜಿ ಬರುತ್ತೆ. ಮಲೆನಾಡು ಗಿಡ್ಡ ಹಸು, ಸುತ್ತಳತೆ 44, ಉದ್ದ 36 ಅಂದ್ರೆ 105 ಕೆಜಿ. ಪಕ್ಕದ ಕೊಟ್ಟಿಗೆ ಎಚ್‌ಎಫ್ ಕ್ರಾಸು, 70 ಮತ್ತೆ 58 ಅಂದ್ರೆ 430 ಕೆಜಿ. ಎರಡಕ್ಕೂ "ಹಸುಗೆ ಒಂದು ಜಂತಿನ ಬೋಲಸ್ಸು" ಅಂತ ಆ ದೊಡ್ಡ ಮಾತ್ರೇನ ಒಂದೊಂದು ನುಂಗಿಸಿದ್ರೆ ಗಿಡ್ಡಕ್ಕೆ ಮೂರು ಪಟ್ಟು ಹೋಯ್ತು, ಕ್ರಾಸಿಗೆ ಸಾಲ್ದೇ ಬಂತು. ಫೆನ್‌ಬೆಂಡಜೋಲ್ 1.5 ಗ್ರಾಂ ಬೋಲಸ್ಸು ಲೆಕ್ಕ ಹಾಕಿರೋದು 300 ಕೆಜಿ ಹಸುಗೆ, ಕೆಜಿಗೆ 5 ಎಂಜಿ ಹಂಗೆ.

ಬಾಟ್ಲಿ ಮೇಲಿನ ಸಣ್ಣಕ್ಷರ

ಇಲ್ಲೇ ಜಾಸ್ತಿ ಎಡವೋದು, ಅದಕ್ಕೇ ನಿಧಾನಕ್ಕೆ ಹೇಳ್ತೀನಿ. ಸ್ಟ್ರೆಂತ್‌ನ ಕಂಪನಿಗಳು ಮೂರು ಥರ ಬರೀತಾರೆ. ಒಂದು, ಒಂದು ಎಂಎಲ್‌ಗೆ ಇಷ್ಟು ಎಂಜಿ ಅಂತ, ಇದು ಸಲೀಸು. ಇನ್ನೊಂದು, 5 ಎಂಎಲ್‌ಗೆ ಇಷ್ಟು ಅಂತ, ಸಿರಪ್‌ಗಳೆಲ್ಲ ಹೀಗೇ. 5 ಎಂಎಲ್‌ಗೆ 250 ಅಂದ್ರೆ ಒಂದು ಎಂಎಲ್‌ಗೆ 50 ಅಷ್ಟೇ, ಆದ್ರೆ ಕಣ್ಣಿಗೆ ಬೀಳೋದು ದಪ್ಪಗೆ ಬರ್ದಿರೋ 250. ಉಲ್ಟಾ ಲೆಕ್ಕ ಐದು ಪಟ್ಟು ಕಮ್ಮಿ ತೋರಿಸ್ತಿದ್ರೆ ಇದೇ ಆಗಿರುತ್ತೆ, ಔಷಧಿ ಕೆಲ್ಸ ಮಾಡ್ಲಿಲ್ಲ ಅನ್ನೋ ಕಂಪ್ಲೇಂಟಿಗೆ ಇದು ದೊಡ್ಡ ಕಾರಣ. ಮೂರನೇದು ಪರ್ಸೆಂಟು. ಪರ್ಸೆಂಟ್ ಅಂದ್ರೆ 100 ಎಂಎಲ್‌ಗೆ ಇಷ್ಟು ಗ್ರಾಂ, ಸೋ ಪರ್ಸೆಂಟನ್ನ 10ರಿಂದ ಗುಣಿಸಿದ್ರೆ ಒಂದು ಎಂಎಲ್‌ನಲ್ಲಿರೋ ಎಂಜಿ. 1 ಪರ್ಸೆಂಟ್ ಅಂದ್ರೆ 10 ಎಂಜಿ. ತುಂಬಾ ಜನ 1 ಪರ್ಸೆಂಟ್ ಅಂದ್ರೆ 1 ಎಂಜಿ ಅಂದ್ಕೊಂಡು ಹತ್ತು ಪಟ್ಟು ಎಳೀತಾರೆ.

ಐವರ್‌ಮೆಕ್ಟಿನ್ ಇದಕ್ಕೆ ಫೇಮಸ್ಸು. ಮಲೆನಾಡಲ್ಲಿ ಮಳೆಗಾಲ ಮುಗೀತಿದ್ದಂಗೆ ನಾಯಿಗಳಿಗೆಲ್ಲ ಕಜ್ಜಿ, ಉಣ್ಣೆ. ತೋಟದ ಮನೆಗಳಲ್ಲಿ ಹಸುಗೆ ತಂದ 1 ಪರ್ಸೆಂಟ್ ಇಂಜೆಕ್ಷನ್ ಇದ್ದೇ ಇರುತ್ತೆ. ಹಸುಗೆ ಅದ್ರ ಲೆಕ್ಕ 50 ಕೆಜಿಗೆ 1 ಎಂಎಲ್, ಕೆಜಿಗೆ 0.2 ಎಂಜಿ ಆಯ್ತು. ಇದೇ ರೇಟಲ್ಲಿ 5 ಕೆಜಿ ಮರಿಗೆ ಬರೋದು 0.1 ಎಂಎಲ್, ಅಂದ್ರೆ ಒಂದೆರಡು ಹನಿ. ದೊಡ್ಡ ಸಿರಿಂಜಲ್ಲಿ ಅದು ಕಾಣೋದೇ ಇಲ್ಲ, "ಇಷ್ಟಾದ್ರೂ ಬೇಡ್ವಾ" ಅಂತ 1 ಎಂಎಲ್ ಚುಚ್ಚಿದ್ರೆ ಕೆಜಿಗೆ 2 ಎಂಜಿ. ಹತ್ತು ಪಟ್ಟು. ಮರಿ ಮೆದುಳಿಗೆ ಅದನ್ನ ತಡೆಯೋ ಶಕ್ತಿ ಕಮ್ಮಿ.

ಅಷ್ಟೇ ಅಲ್ಲ, ಕೋಲಿ, ಶೆಲ್ಟಿ ಥರದ ಕುರಿ ಕಾಯೋ ತಳಿಗಳಲ್ಲಿ ಎಂಡಿಆರ್1 ಅನ್ನೋ ಜೀನ್ ಕೆಟ್ಟಿರ್ಬೋದು. ಔಷಧಿನ ಮೆದುಳಿಂದ ಆಚೆ ತಳ್ಳೋ ಪಂಪ್ ಅವಕ್ಕೆ ಕೆಲ್ಸ ಮಾಡಲ್ಲ. ಅಂಥ ನಾಯಿಗೆ ಕೆಜಿಗೆ 0.1, 0.2 ಎಂಜಿಗೇನೇ ಕೋಮಾಗೆ ಹೋಗೋ ಚಾನ್ಸ್ ಇದೆ. ಹಾರ್ಟ್‌ವರ್ಮ್ ಅಂದ್ರೆ ಹೃದಯದ ಹುಳ ತಡೆಯೋಕೆ ಕೊಡೋ ಡೋಸು ಕೆಜಿಗೆ 6 ಮೈಕ್ರೋಗ್ರಾಂ, ಅದು ಅವಕ್ಕೂ ಸೇಫು. 6 ಮೈಕ್ರೋಗ್ರಾಂ ಅಂದ್ರೆ 0.006 ಎಂಜಿ. ಇದನ್ನ ಯಾರಾದ್ರೂ 6 ಎಂಜಿ ಅಂತ ಓದಿದ್ರೆ ಸಾವಿರ ಪಟ್ಟು, ಮಾತಾಡೋಕೇನೂ ಉಳಿಯಲ್ಲ. ಚೀಟೀಲಿ ಮೈಕ್ರೋ ಅಂತ ಕಂಡ್ರೆ ಎರಡ್ಸಲ ಕೇಳಿ, ನಾಚ್ಕೆ ಬೇಡ.

ಪುಡಿ ರೂಪದ ಡ್ರೈ ಸಿರಪ್‌ಗೆ ಗೆರೆವರೆಗೂ ಕಾಯ್ಸಿ ಆರಿಸಿದ ನೀರು ಹಾಕ್ಬೇಕು. ಗೆರೆ ದಾಟಿದ್ರೆ ಪೂರ್ತಿ ಬಾಟ್ಲಿ ನೀರಾಗುತ್ತೆ. ಅಲ್ಲಾಡಿಸ್ದೇ ಕೊಟ್ರೆ ಮೇಲಿಂದು ಬರೀ ನೀರು, ತಳದ್ದು ಬರೀ ಔಷಧಿ. ಮೊದಲ ಮೂರು ದಿನ ಏನೂ ಎಫೆಕ್ಟ್ ಇಲ್ಲ, ಕೊನೇ ದಿನ ವಾಂತಿ ಅಂದ್ರೆ ಬಾಟ್ಲಿ ತಳ ನೋಡಿ, ಗಟ್ಟಿ ಕೂತಿರುತ್ತೆ.

ಸಿರಿಂಜು

ಇದನ್ನ ಯಾರೂ ಡೌಟ್ ಪಡಲ್ಲ. ಸಣ್ಣ ಡೋಸ್ ಅಳೆಯೋಕೆ ಸಣ್ಣ ಸಿರಿಂಜ್ ಬೇಕು ಅಂತ ಮೆಡಿಕಲ್ಸಲ್ಲಿ ಇನ್ಸುಲಿನ್ ಸಿರಿಂಜ್ ತಗೊಂಡ್ಹೋಗ್ತಾರೆ. ಅದ್ರ ಮೇಲಿರೋದು ಎಂಎಲ್ ಅಲ್ಲ, ಯೂನಿಟ್ಟು. ಅದ್ರಲ್ಲೂ ಎರಡು ಜಾತಿ, ಕೆಂಪು ಕ್ಯಾಪಿಂದು ಯು-40, ಕೇಸರಿ ಕ್ಯಾಪಿಂದು ಯು-100. ಯು-40ರಲ್ಲಿ 40 ಯೂನಿಟ್ ಒಂದು ಎಂಎಲ್, ಇನ್ನೊಂದ್ರಲ್ಲಿ 100 ಯೂನಿಟ್ ಒಂದು ಎಂಎಲ್. "0.1 ಎಂಎಲ್ ಅಂದ್ರೆ 10ರ ಗೆರೆ" ಅಂತ ಯಾರೋ ಹೇಳಿರ್ತಾರೆ, ಅದು ಯು-100ಕ್ಕೆ ಸರಿ. ಯು-40ರಲ್ಲಿ 10ರ ಗೆರೆ ಅಂದ್ರೆ 0.25 ಎಂಎಲ್, 0.1 ಬೇಕಿದ್ರೆ 4ರ ಗೆರೆ. ಉಲ್ಟಾ ಲೆಕ್ಕದಲ್ಲಿ 2.5 ಪಟ್ಟು ಅಂತ ಬಂದ್ರೆ ಕಸದ ಬುಟ್ಟೀಲಿ ಸಿರಿಂಜ್ ಕ್ಯಾಪ್ ಕಲರ್ ಹುಡುಕಿ. ಸಕ್ಕರೆ ಕಾಯಿಲೆ ಇರೋ ನಾಯಿ ಬೆಕ್ಕಿಗೆ ಇನ್ಸುಲಿನ್ನೇ ಕೊಡ್ತಿರೋರಿಗೆ ಇದು ಇನ್ನೂ ಮುಖ್ಯ, ವಯಲ್ ಮೇಲೆ 40 ಅಂತಿದ್ರೆ ಸಿರಿಂಜೂ 40ರದ್ದೇ ಇರ್ಬೇಕು. ಔಷಧಿಗಾದ್ರೆ ಇವೆರಡೂ ಬೇಡ, ಎಂಎಲ್ ಗೆರೆ ಇರೋ 1 ಎಂಎಲ್ ಟ್ಯೂಬರ್ಕ್ಯುಲಿನ್ ಸಿರಿಂಜ್ ಕೇಳಿ, ಅದ್ರಲ್ಲಿ 0.01ರ ತನಕ ಗೆರೆ ಇರುತ್ತೆ.

ಮನೆ ಚಮಚ ಅಂತೂ ಬೇಡ. ಒಬ್ರ ಮನೆ ಟೀ ಚಮಚ 3 ಎಂಎಲ್, ಇನ್ನೊಬ್ರದ್ದು 6.

ದಿನಕ್ಕಾ, ಸಲಕ್ಕಾ?

ಉಲ್ಟಾ ಲೆಕ್ಕ ಕರೆಕ್ಟಾಗಿ ಎರಡು ಪಟ್ಟು ಅಥವಾ ಅರ್ಧ ಅಂತ ಬಂದ್ರೆ ಇಲ್ಲಿ ನೋಡಿ. ಕೆಜಿಗೆ ದಿನಕ್ಕೆ 20 ಎಂಜಿ, ಎರಡು ಭಾಗ ಮಾಡಿ ಅಂತ ಬರ್ದಿದ್ರೆ ಬೆಳಗ್ಗೆ 10, ಸಂಜೆ 10. ಅದನ್ನ ಬೆಳಗ್ಗೆ 20, ಸಂಜೆ 20 ಕೊಡೋರು ಇದಾರೆ. ಇನ್ನೊಂದು ನಮ್ ಮೆಡಿಕಲ್ಸ್‌ನೋರಿಗೇ ಗೊತ್ತಿಲ್ದಿರೋದು: ಪ್ರಾಣಿ ಡಾಕ್ಟ್ರು ದಿನಕ್ಕೊಂದ್ಸಲ ಅನ್ನೋದಕ್ಕೆ ಎಸ್‌ಐಡಿ ಅಂತ ಬರೀತಾರೆ. ಮನುಷ್ಯರ ಡಾಕ್ಟ್ರು ಆ ಅಕ್ಷರ ಬಳಸೋದೇ ಇಲ್ಲ. ಮನುಷ್ಯರ ಚೀಟಿ ಓದಿ ರೂಢಿ ಆಗಿರೋ ಅಂಗಡೀಲಿ ಅದನ್ನ ದಿನಕ್ಕೆ ಎರಡು ಸಲದ ಬಿಐಡಿ ಅಂತಾನೋ, ಇನ್ನೂ ಕೆಟ್ಟದಾಗಿ ದಿನಕ್ಕೆ ನಾಲ್ಕು ಸಲದ ಕ್ಯೂಐಡಿ ಅಂತಾನೋ ಓದ್ಬಿಡ್ತಾರೆ. ಚೀಟಿ ಬರೀವಾಗ್ಲೇ "ಸಾರ್ ದಿನಕ್ಕೆ ಎಷ್ಟ್ಸಲ" ಅಂತ ಬಾಯಲ್ಲಿ ಕೇಳಿ ಕನ್ನಡದಲ್ಲಿ ಬರೆಸ್ಕೊಳಿ. ಪಾಯಿಂಟ್ ಹಿಂದೆ ಸೊನ್ನೆ ಇಲ್ದೇ ಬರೀ ".5" ಅಂತ ಬರ್ದಿದ್ರೆ ಅದಕ್ಕೊಂದು ಸೊನ್ನೆ ಹಾಕ್ಸಿ, ಚುಕ್ಕಿ ಮಾಸಿದ್ರೆ 5 ಆಗೋಗುತ್ತೆ.

ಡೋಸ್ ಸರಿ ಇದೆ, ಪ್ರಾಣಿ ಬೇರೆ

ಎಲ್ಲಾ ಲೆಕ್ಕ ಸರಿ ಬಂತು, ಆದ್ರೂ ತೊಂದ್ರೆ ಆಗಿದೆ ಅಂದ್ರೆ ಕೆಜಿ ಲೆಕ್ಕನೇ ಬೇರೆ ಪ್ರಾಣಿದು ಹಿಡ್ದಿರ್ತೀರಿ. ದೊಡ್ಡ ಪ್ರಾಣಿಗೆ ಜಾಸ್ತಿ, ಸಣ್ಣದಕ್ಕೆ ಕಮ್ಮಿ, ಸೋ ಹಸು ಡೋಸನ್ನ ಭಾಗ ಮಾಡಿದ್ರೆ ನಾಯಿ ಡೋಸ್ ಬರುತ್ತೆ ಅನ್ನೋದು ನೋಡೋಕೆ ಸರಿ ಅನ್ಸುತ್ತೆ. ಅದು ಸುಳ್ಳು. ಮೇಲೆ ಹೇಳಿದ ಫೆನ್‌ಬೆಂಡಜೋಲ್ ಹಸುಗೆ ಕೆಜಿಗೆ 5 ಎಂಜಿ ಒಂದೇ ಸಲ, ನಾಯಿಗೆ ಕೆಜಿಗೆ 50 ಎಂಜಿ, ಮೂರು ದಿನ. 20 ಕೆಜಿ ನಾಯಿಗೆ ಹಸು ಲೆಕ್ಕದಲ್ಲಿ 100 ಎಂಜಿ ಕೊಟ್ಟು ಹುಳ ಹೋಗ್ಲಿಲ್ಲ ಅಂದ್ರೆ ಹೇಗೆ ಹೋಗುತ್ತೆ, ಬೇಕಿದ್ದಿದ್ದು ದಿನಕ್ಕೆ 1000. ಮೇಕೆನೂ ಹಂಗೇ, ಕುರಿಗಿಂತ ಬೇಗ ಔಷಧಿ ಅರಗಿಸ್ಕೊಳುತ್ತೆ, ಜಂತಿನ ಔಷಧಿಗಳನ್ನ ಸಾಮಾನ್ಯವಾಗಿ ಕುರಿ ಡೋಸ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ಬರೀತಾರೆ.

ಬೆಕ್ಕು ಅಂದ್ರೆ ಸಣ್ಣ ನಾಯಿ ಅಲ್ಲ. ಪ್ಯಾರಾಸಿಟಮಾಲ್ ಬೆಕ್ಕಿಗೆ ಯಾವ ಲೆಕ್ಕದಲ್ಲೂ ಇಲ್ಲ. ಅದನ್ನ ಒಡೆದು ಹೊರಗೆ ಹಾಕೋ ಕಿಣ್ವ ಬೆಕ್ಕಿನ ಲಿವರಲ್ಲಿ ತೀರಾ ಕಮ್ಮಿ, ರಕ್ತ ಆಮ್ಲಜನಕ ಹೊರೋದನ್ನೇ ನಿಲ್ಲಿಸ್ಬಿಡುತ್ತೆ, ಒಸಡು ಕಂದು ಆಗೋದು ಅದಕ್ಕೇ. ಜ್ವರ ಬಂದಂಗಿದೆ ಅಂತ ಮಗು ಸಿರಪ್ ಕೊಟ್ಟಿದ್ರೆ ಎಷ್ಟು ಕೊಟ್ರಿ ಅಂತ ಲೆಕ್ಕ ಹಾಕ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆ. ಎನ್-ಅಸಿಟೈಲ್‌ಸಿಸ್ಟೀನ್ ಅಂತ ಪ್ರತ್ಯೌಷಧ ಇದೆ, ಬೇಗ ಹೋದಷ್ಟೂ ಕೆಲ್ಸ ಮಾಡುತ್ತೆ. ನಾಯಿ ಬೆನ್ನಿಗೆ ಹಾಕೋ ಪರ್ಮೆಥ್ರಿನ್ ಇರೋ ಡ್ರಾಪ್ಸನ್ನ ಬೆಕ್ಕಿಗೆ "ಸ್ವಲ್ಪವೇ" ಹಾಕೋದೂ ಅಷ್ಟೇ, ಮೈಯೆಲ್ಲಾ ನಡುಗೋಕೆ ಶುರು ಆಗುತ್ತೆ. ಮನುಷ್ಯರ ಐಬುಪ್ರೋಫೆನ್ ನಾಯಿಗೂ ಬೇಡ ಬೆಕ್ಕಿಗೂ ಬೇಡ.

ಗಬ್ಬದ ಹಸುಗೆ ಆಲ್ಬೆಂಡಜೋಲ್ ಅನ್ನೋ ಜಂತಿನ ಔಷಧಿ ಮೊದಲ ತಿಂಗಳುಗಳಲ್ಲಿ ಬೇಡ ಅನ್ನೋದು ಗೊತ್ತಿರ್ಲಿ.

ಕಮ್ಮಿ ಆಗಿದೆ ಅಂತ ಡಬಲ್ ಮಾಡೋ ಮುಂಚೆ

ಉಲ್ಟಾ ಲೆಕ್ಕ ಸರಿ, ಪ್ರಾಣಿನೂ ಸರಿ, ಬಾಟ್ಲಿನೂ ಸರಿ, ಆದ್ರೂ ವಾಸಿ ಆಗ್ತಿಲ್ಲ ಅಂದ್ರೆ ಅದು ಡೋಸಿನ ತಪ್ಪೇ ಅಲ್ಲದಿರ್ಬೋದು. ಜಂತಿನ ಮಾತ್ರೆ ಕೊಟ್ಮೇಲೂ ಬಾಲದ ಕೆಳಗೆ ಅಕ್ಕಿ ಕಾಳಿನ ಥರ ಒಣಗಿದ ತುಂಡು ಅಂಟ್ಕೊಂಡಿದ್ರೆ ಅದು ಲಾಡಿಹುಳ. ಬರೀ ಪೈರಾಂಟೆಲ್ ಇರೋ ಸಿರಪ್ ದುಂಡುಹುಳ ಕೊಕ್ಕೆಹುಳಕ್ಕೆ, ಲಾಡಿಹುಳಕ್ಕೆ ಎಷ್ಟು ಸುರಿದ್ರೂ ಆಗಲ್ಲ, ಪ್ರಾಜಿಕ್ವಾಂಟೆಲ್ ಬೇಕು, ಕೆಜಿಗೆ 5 ಎಂಜಿ. ಮೂರು ಔಷಧಿ ಸೇರಿರೋ ಮಾತ್ರೇಲಿ ಅದು 50 ಎಂಜಿ ಇರುತ್ತೆ, 10 ಕೆಜಿಗೊಂದು ಮಾತ್ರೆ ಅನ್ನೋ ಲೆಕ್ಕ ಬಂದಿದ್ದು ಅದ್ರಿಂದ್ಲೇ. ಅದನ್ನ ಕೊಟ್ಮೇಲೂ ತಿಂಗಳೊಳಗೆ ಮತ್ತೆ ಬಂದ್ರೆ ಮೈಮೇಲಿನ ಚಿಗಟ ನೋಡಿ. ಈ ಲಾಡಿಹುಳದ ಮೊಟ್ಟೆ ಚಿಗಟದೊಳಗೇ ಬೆಳೆಯೋದು, ನಾಯಿ ಮೈ ಕಚ್ಕೊಂಡು ಚಿಗಟ ನುಂಗುತ್ತೆ, ಹುಳ ವಾಪಸ್. ಚಿಗಟ ಹೋಗೋ ತನಕ ಮಾತ್ರೆ ದುಡ್ಡು ದಂಡ.

ಉಣ್ಣೆ ಜ್ವರದ ಕೇಸಲ್ಲಿ ಡಾಕ್ಸಿಸೈಕ್ಲಿನ್ ಕೆಜಿಗೆ ದಿನಕ್ಕೆ 10 ಎಂಜಿ, ಸಾಮಾನ್ಯವಾಗಿ 28 ದಿನ. 18 ಕೆಜಿ ನಾಯಿಗೆ 180 ಬರುತ್ತೆ, ಮಾತ್ರೆ ಇರೋದು 100ರದ್ದು, ಡಾಕ್ಟ್ರು 200ಕ್ಕೆ ರೌಂಡ್ ಮಾಡಿದ್ರೆ ಅದು ತಪ್ಪಲ್ಲ, ಇಂಥ ಔಷಧೀಲಿ ಅಷ್ಟು ಆಚೀಚೆ ನಡ್ಯುತ್ತೆ. ಫಿಟ್ಸ್ ಮಾತ್ರೆ, ಹಾರ್ಟ್ ಮಾತ್ರೇಲಿ ಮಾತ್ರ ನೀವೇ ರೌಂಡ್ ಮಾಡೋ ಹಂಗಿಲ್ಲ. ನಾಯಿ ನಾಲ್ಕೈದು ದಿನಕ್ಕೆ ಅನ್ನ ತಿನ್ನೋಕೆ ಶುರು ಮಾಡಿದ ತಕ್ಷಣ ಮಾತ್ರೆ ನಿಲ್ಸಿದ್ರಾ? ಮಾತ್ರೇನ ಹಾಲಿಗೆ ಹಾಕಿ ಕೊಡ್ತಿದ್ರಾ? ಹಾಲಿನ ಕ್ಯಾಲ್ಸಿಯಂ ಅದನ್ನ ಹಿಡ್ಕೊಂಡು ಸ್ವಲ್ಪ ಭಾಗ ವೇಸ್ಟ್ ಮಾಡುತ್ತೆ, ಅನ್ನದ ಉಂಡೇಲಿ ಕೊಡಿ. ಬೆಕ್ಕಿಗೆ ಈ ಮಾತ್ರೆ ಒಣ ಒಣ ನುಂಗಿಸಿದ್ರೆ ಗಂಟಲಲ್ಲೇ ಸಿಕ್ಕಿ ಅನ್ನನಾಳ ಸುಡುತ್ತೆ, ಹಿಂದೆನೇ ಸಿರಿಂಜಲ್ಲಿ ಸ್ವಲ್ಪ ನೀರು ಬಿಡ್ಬೇಕು. ಎಲ್ಲಾ ಸರಿಯಾಗೇ ಕೊಟ್ಟೂ ಒಸಡು ಬಿಳಿಚ್ಕೊಂಡೇ ಇದ್ರೆ, ಮೂತ್ರ ಕೆಂಪಾಗಿದ್ರೆ ಅದು ಬೇರೆ ಕಾಯಿಲೆ, ಬೆಬೀಸಿಯಾ ಇರ್ಬೋದು. ಅದಕ್ಕೆ ಔಷಧಿನೇ ಬೇರೆ, ರಕ್ತ ಟೆಸ್ಟ್ ಮಾಡ್ಸಿ. ಡಾಕ್ಸಿ ಡಬಲ್ ಮಾಡಿದ್ರೆ ವಾಂತಿ ಬರುತ್ತೆ ಅಷ್ಟೇ.

ಇನ್ನೊಂದು ತಮಾಷೆ, ಮಾತ್ರೆ ನಾಯಿ ಹೊಟ್ಟೆಗೇ ಹೋಗಿಲ್ದೇ ಇರೋದು. ಕೆನ್ನೆ ಸಂದೀಲಿ ಇಟ್ಕೊಂಡು, ನೀವು ಶಭಾಷ್ ಅಂತ ತಲೆ ಸವರಿ ಒಳಗೆ ಹೋದ್ಮೇಲೆ ಕ್ರೋಟನ್ ಗಿಡದ ಬುಡದಲ್ಲಿ ಉಗಿಯುತ್ತೆ. ಗುಡಿಸೋರನ್ನ ಒಂದ್ಸಲ ಕೇಳಿ. ಕೊಟ್ಟು ಅರ್ಧ ಗಂಟೆ ಒಳಗೆ ವಾಂತಿ ಮಾಡಿದ್ರೆ ವಾಂತೀಲಿ ಮಾತ್ರೆ ಇದ್ಯಾ ನೋಡಿ, ಇದ್ರೂ ಡಾಕ್ಟ್ರನ್ನ ಕೇಳ್ದೇ ಇನ್ನೊಂದು ಕೊಡ್ಬೇಡಿ. ಉಣ್ಣೆಗೆ ಕೊಡೋ ಅಗಿಯೋ ಮಾತ್ರೆಗಳು ತೂಕದ ಬ್ಯಾಂಡ್ ಪ್ರಕಾರ ಬರ್ತವೆ, ದೊಡ್ಡ ನಾಯಿದು ಒಂದು ತಂದು ಎರಡು ಸಣ್ಣ ನಾಯಿಗೆ ಕತ್ತರಿಸಿದ್ರೆ ಔಷಧಿ ಎರಡೂ ತುಂಡಲ್ಲಿ ಸಮ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಫೋನಲ್ಲಿ ಡಾಕ್ಟ್ರಿಗೆ ಹೇಳುವಾಗ ಇಷ್ಟು ಹೇಳಿದ್ರೆ ಸಾಕು: ಪ್ರಾಣಿ ಯಾವ್ದು, ಇವತ್ತು ತೂಗಿದ ತೂಕ ಎಷ್ಟು, ಔಷಧಿ ಹೆಸರು, ಬಾಟ್ಲಿ ಮೇಲಿರೋ ಸ್ಟ್ರೆಂತ್ ಹೆಂಗಿದ್ಯೋ ಹಂಗೇ ಓದಿ, ಎಷ್ಟು ಎಂಎಲ್ ಹೋಯ್ತು, ಎಷ್ಟೊತ್ತಿಗೆ, ಬಾಯಿಗಾ ಚುಚ್ಚಿದ್ದಾ. "ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ ಸಾರ್" ಅಂದ್ರೆ ಅವರೂ ಇದೇ ಪ್ರಶ್ನೆಗಳನ್ನ ಒಂದೊಂದಾಗಿ ಕೇಳ್ಬೇಕಾಗುತ್ತೆ, ಸುಮ್ನೆ ಹತ್ತು ನಿಮಿಷ ಹೋಗುತ್ತೆ. ಬಾಟ್ಲಿ ಲೇಬಲ್ ಫೋಟೋ ತೆಗ್ದು ವಾಟ್ಸಾಪ್ ಮಾಡಿ, ಎಕ್ಸ್‌ಪೈರಿ ಡೇಟ್ ಇರೋ ಸೈಡೂ ಸೇರಿಸಿ.